ಬಾವಿಗೂ ಶೌಚಗುಂಡಿಗೂ ಎಷ್ಟು ಅಂತರ? ಊರಿಗೆ ಒಳಚರಂಡಿ ಬಂದರೆ ಸೇರಿಕೊಳ್ಳಬೇಕೆ?

ಅಳಿವೆದಂಡೆ:
ನಮ್ಮದು ಉತ್ತರ ಕನ್ನಡದ ಕಡಲ ಬದಿಯ ಸಣ್ಣ ಊರು, ಪಟ್ಟಣ ಪಂಚಾಯಿತಿ. ಒಂದು ಕಡೆ ಹೊಳೆ ಸಮುದ್ರ ಸೇರುವ ಅಳಿವೆ, ಇನ್ನೊಂದು ಕಡೆ ಉಬ್ಬರದ ಉಪ್ಪುನೀರು ಬರುವ ಗಜನಿ ಗದ್ದೆ, ನಡುವೆ ಪೇಟೆ. ಮನೆಗೊಂದು ಬಾವಿ, ಮನೆಗೊಂದು ಶೌಚಗುಂಡಿ. ಆಷಾಢದಲ್ಲಿ ಬಾವಿಗೆ ಹಗ್ಗವೇ ಬೇಡ, ಬಗ್ಗಿ ಕೊಡ ಅದ್ದಿದರೆ ನೀರು ಬರುತ್ತದೆ. ಗುಂಡಿಯೂ ಅಷ್ಟೇ ಮೇಲಕ್ಕೆ ಬಂದಿರುತ್ತದೆ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಈಗ ಒಳಚರಂಡಿ ಯೋಜನೆ ಬರುತ್ತದಂತೆ. ಕಳೆದ ವಾರ ವಾರ್ಡ್ ಸಭೆ ಇತ್ತು. ಕೊಳಚೆ ನೀರು ಶುದ್ಧೀಕರಣ ಘಟಕವನ್ನು ಗಜನಿಯ ಅಂಚಿನಲ್ಲಿರುವ ಸರ್ಕಾರಿ ಜಾಗದಲ್ಲಿ ಕಟ್ಟುವ ಮಾತು ಬಂದದ್ದೇ ತಡ, ಆ ಕೇರಿಯವರೆಲ್ಲ ಎದ್ದು ನಿಂತರು. "ಪೇಟೆಯವರ ಕೊಳಕು ನಮ್ಮ ಬಾಗಿಲಿಗೆ ಯಾಕೆ?" ಎಂದರು. ಪೇಟೆಯವರೋ, "ನಮ್ಮ ಗುಂಡಿ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತುಂಬಿಲ್ಲ, ನಮಗೆ ಈ ಖರ್ಚೇ ಬೇಡ" ಎಂದರು. ಚಹಾ ಬಂತು, ಸಭೆ ಮುಗಿಯಿತು.

ಇಪ್ಪತ್ತು ಸಾವಿರ ಜನರ ಊರಿಗೆ ಇಷ್ಟು ದೊಡ್ಡ ಏರ್ಪಾಡು ಬೇಕೆ? ಗುಂಡಿಗಳನ್ನೇ ಸರಿಪಡಿಸಿಕೊಂಡರೆ ಸಾಲದೆ? ನಮ್ಮ ತಂದೆಯವರು "ಬೇಡ" ಎನ್ನುವವರ ಗುಂಪಿನಲ್ಲಿ ಮುಂದಿನ ಸಾಲು. ನಾನು ಇನ್ನೂ ಯಾವ ಕಡೆಗೂ ಸೇರಿಲ್ಲ. ತಿಳಿದವರು ಹೇಳಿ.

ತೆಂಗಿನಬುಡ:
ಇಪ್ಪತ್ತು ವರ್ಷದಿಂದ ಗುಂಡಿ ತುಂಬಿಲ್ಲ ಎಂದರೆ ಅದು ಸೋರುತ್ತಿದೆ ಎಂದೇ ಅರ್ಥ. ಹೆಮ್ಮೆಪಡುವ ವಿಷಯವಲ್ಲ ಮಾರಾಯರೆ.

ಕೇರಿಮನೆ:
ನಮ್ಮ ಅಜ್ಜನ ಕಾಲದಿಂದ ಅದೇ ಬಾವಿ ನೀರು ಕುಡಿದು ಎಲ್ಲರೂ ಎಂಬತ್ತು ದಾಟಿದ್ದಾರೆ. ಸುಮ್ಮನೆ ಹೆದರಿಸಬೇಡಿ.

ತೆಂಗಿನಬುಡ:
ಅಜ್ಜನ ಕಾಲದಲ್ಲಿ ಮನೆಯಲ್ಲಿ ಶೌಚಾಲಯ ಇತ್ತೇ? ಬೆಟ್ಟಕ್ಕೋ ಬೇಲೆಗೋ ಹೋಗುತ್ತಿದ್ದರು. ಬಾವಿಯ ಪಕ್ಕ ಗುಂಡಿ ತೋಡಿದ್ದು ನಮ್ಮ ನಿಮ್ಮ ಕಾಲದಲ್ಲಿ.

ಹಳೇ ಇಂಜಿನಿಯರ್:
ನಾನು ಈ ಕೆಲಸದಲ್ಲೇ ಇದ್ದು ನಿವೃತ್ತನಾದವನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲನೆಯದಾಗಿ, ನಮ್ಮ ಕರಾವಳಿಯಲ್ಲಿ ಜನ "ಸೆಪ್ಟಿಕ್ ಟ್ಯಾಂಕ್" ಎನ್ನುವುದರಲ್ಲಿ ಹೆಚ್ಚಿನವು ಸೆಪ್ಟಿಕ್ ಟ್ಯಾಂಕ್ ಅಲ್ಲವೇ ಅಲ್ಲ. ನಿಜವಾದ ಟ್ಯಾಂಕಿಗೆ ತಳ ಇರಬೇಕು, ಗೋಡೆಗೆ ಗಾರೆ ಇರಬೇಕು, ಒಳಗೆ ಅಡ್ಡಗೋಡೆ ಇರಬೇಕು. ಗಟ್ಟಿ ಕೆಳಗೆ ಕೂತು, ತಿಳಿ ಮಾತ್ರ ಇಂಗುಗುಂಡಿಗೆ ಹೋಗಬೇಕು. ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಬೇಕು. ನಮ್ಮಲ್ಲಿ ಇರುವುದು ಚಿರೆಕಲ್ಲನ್ನು ಸಂದಿ ಬಿಟ್ಟು ಕಟ್ಟಿದ, ತಳವಿಲ್ಲದ ಗುಂಡಿ. ಹಾಕಿದ್ದೆಲ್ಲ ನೇರ ಮಣ್ಣಿಗೆ.

ಭಾರತೀಯ ಮಾನಕದ ಪ್ರಕಾರ ಇಂಗುವ ವ್ಯವಸ್ಥೆ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರ ಇರಬೇಕು. ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿದವರು ಎಲ್ಲಿಂದ ತರುತ್ತಾರೆ 18 ಮೀಟರ್? ಅದರ ಮೇಲೆ ಮಳೆಗಾಲದಲ್ಲಿ ಅಂತರ್ಜಲವೇ ಗುಂಡಿಯ ಒಳಗೆ ಬಂದು ನಿಂತಿರುತ್ತದೆ. ಮಣ್ಣು ಶೋಧಿಸುವುದು ಅದು ಒಣಗಿದ್ದಾಗ, ನಡುವೆ ಗಾಳಿ ಆಡುವಾಗ. ಮುಳುಗಿದ ಮರಳು ಅಷ್ಟಾಗಿ ಶೋಧಿಸುವುದಿಲ್ಲ, ಹೆಚ್ಚಾಗಿ ದಾರಿ ಬಿಡುತ್ತದೆ.

ಇನ್ನು ಇಪ್ಪತ್ತು ಸಾವಿರ ಜನ ಎಂದಿರಿ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರ ಶೇ 80 ಕೊಳಚೆಯಾಗುತ್ತದೆ ಎಂದು ಲೆಕ್ಕ ಹಾಕುವುದು ರೂಢಿ. ಹೆಚ್ಚುಕಡಿಮೆ 21.6 ಲಕ್ಷ ಲೀಟರ್ ಆಯಿತು. ಪ್ರತಿದಿನ. ಅಷ್ಟು ನೀರು ಈಗ ಎಲ್ಲಿಗೆ ಹೋಗುತ್ತಿದೆ ಎಂದು ಒಮ್ಮೆ ಯೋಚಿಸಿ, ಆಮೇಲೆ "ಬೇಡ" ಎನ್ನಿ.

ಬಾಳೆಗೊನೆ:
ಸರ್, ಲೆಕ್ಕದಲ್ಲಿ ಒಂದು ತಪ್ಪಿದೆ. ನಮ್ಮ ಕಡೆ ಬಚ್ಚಲು ನೀರು, ಪಾತ್ರೆ ತೊಳೆದ ನೀರು ಎಲ್ಲ ತೆಂಗಿನ ಬುಡಕ್ಕೆ, ಬಾಳೆಯ ಬುಡಕ್ಕೆ ಹೋಗುತ್ತದೆ. ಗುಂಡಿಗೆ ಹೋಗುವುದು ಕಕ್ಕಸಿನ ನೀರು ಮಾತ್ರ. ಶೇ 80 ಎನ್ನುವುದು ಬೆಂಗಳೂರಿನ ಫ್ಲ್ಯಾಟಿನ ಲೆಕ್ಕ.

ಹಳೇ ಇಂಜಿನಿಯರ್:
ಒಪ್ಪಿದೆ. ಹಿತ್ತಿಲು ಇದ್ದ ಮನೆಗೆ ನಿಮ್ಮ ಮಾತು ಸರಿ. ಆದರೆ ಪೇಟೆಯ ವಸತಿಗೃಹ, ಹೋಟೆಲ್, ಮೀನು ಮಾರುಕಟ್ಟೆಗೆ ಹಿತ್ತಿಲು ಎಲ್ಲಿದೆ? ಯೋಜನೆ ಬರೆಯುವವರು ಈ ವ್ಯತ್ಯಾಸ ನೋಡದೆ ಪೂರ್ತಿ ಲೆಕ್ಕಕ್ಕೆ ಘಟಕ ಕಟ್ಟುತ್ತಾರೆ, ಆಮೇಲೆ ಅರ್ಧ ನೀರೂ ಬರುವುದಿಲ್ಲ. ಅದು ನಿಜವಾದ ದೋಷ.

ಬಾಳೆಗೊನೆ:
ಹಾಗಾದರೆ ನಮ್ಮ ಬಾಳೆ ಗೆದ್ದಿತು. ಅಂದಹಾಗೆ ಸೋಪಿನ ನೀರು ಬಿಟ್ಟರೆ ಮಿಟ್ಲಿ ಬಾಳೆ ಸೊರಗುತ್ತದೆ, ಆದರೆ ಕೆಸುವಿಗೆ ಏನೂ ಆಗುವುದಿಲ್ಲ. ಯಾರಿಗಾದರೂ ಇದೇ ಅನುಭವ ಇದೆಯೇ?

ಕೆಸುವಿನೆಲೆ:
ಇದೆ. ಕೆಸು ಯಾವುದಕ್ಕೂ ಜಗ್ಗುವುದಿಲ್ಲ. ಆದರೆ ಆ ಕೆಸುವಿನ ಪತ್ರೊಡೆಯನ್ನು ನಾನು ತಿನ್ನುವುದಿಲ್ಲ.

ನಿರ್ವಾಹಕ:
ಪತ್ರೊಡೆಗೆ ಬೇರೆ ಚರ್ಚೆ ಇದೆ. ವಿಷಯಕ್ಕೆ ಬನ್ನಿ.

ಬಳಚುಪ್ರಿಯ:
ನನಗೆ ಒಂದು ಅರ್ಥವಾಗುವುದಿಲ್ಲ. ಎದುರಿಗೆ ಅರಬ್ಬಿ ಸಮುದ್ರವೇ ಇದೆ. ಒಂದು ಪೈಪ್ ಹಾಕಿ ಬಿಟ್ಟರೆ ಆಗುವುದಿಲ್ಲವೇ? ಮುಂಬೈಯವರು ಹಾಗೇ ಮಾಡುತ್ತಾರಲ್ಲ.

ಹಳೇ ಇಂಜಿನಿಯರ್:
ಮುಂಬೈಯಲ್ಲಿ ವರ್ಲಿ, ಬಾಂದ್ರಾಗಳಿಂದ ಸಮುದ್ರದೊಳಕ್ಕೆ ಮೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗವಿದೆ. ನಿಮ್ಮ ಪಂಚಾಯಿತಿಯ ಬಳಿ ಅಷ್ಟು ದುಡ್ಡಿದೆಯೇ? ಇರುವುದು ಅಳಿವೆಗೆ ಬಿಡುವ ದಾರಿ. ಅಳಿವೆಗೆ ಬಿಟ್ಟದ್ದು ಇಳಿತದಲ್ಲಿ ಹೋಗುತ್ತದೆ, ಉಬ್ಬರದಲ್ಲಿ ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ. ಸಂಸ್ಕರಿಸದ ಕೊಳಚೆಯನ್ನು ಬಿಡುವುದು ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ಅಧಿಸೂಚನೆಯಲ್ಲಿ ನಿಷಿದ್ಧ ಕೂಡ.

ಹೊಳೆಸಾಲು:
ಬಳಚುಪ್ರಿಯರೇ, ನಿಮ್ಮ ಹೆಸರಿಗಾದರೂ ಮರ್ಯಾದೆ ಕೊಡಿ. ಬಳಚು ಎಂಬ ಚಿಪ್ಪಿನ ಜೀವಿ ಇರುವುದೇ ನೀರನ್ನು ಸೋಸಿ ತಿಂದು. ನೀರಿನಲ್ಲಿ ಕರಗಿ ಹೋದಂತೆ ಕಾಣುವ ರೋಗಾಣುವನ್ನು ಅದು ತನ್ನೊಳಗೆ ಕೂಡಿಹಾಕಿಕೊಳ್ಳುತ್ತದೆ. ಮೀನಿಗಿಂತ ಚಿಪ್ಪಿನ ಜೀವಿಗಳಿಗೆ ಕೊಳಚೆಯ ಭಯ ಹೆಚ್ಚು ಇರುವುದು ಅದಕ್ಕೇ. ನಮ್ಮ ಕೇರಿಯ ಹೆಂಗಸರು ಇಳಿತದ ಹೊತ್ತಿಗೆ ಸೊಂಟದ ತನಕ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಾರೆ. ಪೇಟೆಯ ತೋಡು ಬಂದು ಸೇರುವ ಜಾಗದಲ್ಲಿ ಈಗ ಯಾರೂ ಇಳಿಯುವುದಿಲ್ಲ, ಕಾಲು ತುರಿಸುತ್ತದೆ. ಘಟಕ ಇನ್ನೂ ಬಂದಿಲ್ಲ. ಆದರೆ ಪೇಟೆಯ ಕೊಳಕು ನಮ್ಮ ಬಾಗಿಲಿಗೆ ಬಂದು ಎಷ್ಟೋ ಕಾಲವಾಯಿತು.

ಬಳಚುಪ್ರಿಯ:
ಒಪ್ಪಿಕೊಂಡೆ. ಕೇಳಿದ್ದು ತಪ್ಪಾಯಿತು.

ಉಸುಕು:
ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ಶುಚಿಯಾದ ಕಡಲತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಬಾವುಟ ಸಿಕ್ಕಿತಲ್ಲ. ಅದಕ್ಕೆ ನೀರಿನ ಪರೀಕ್ಷೆ ಇದೆ. 100 ಮಿಲಿಲೀಟರ್ ನೀರಿನಲ್ಲಿ ಮಲದ ಸೋಂಕು ತೋರಿಸುವ ಇ. ಕೋಲಿ ಬ್ಯಾಕ್ಟೀರಿಯಾ 250 ದಾಟಬಾರದು. ಪ್ರವಾಸಿಗರು ಬೇಕು, ಬಾವುಟ ಬೇಕು, ಒಳಚರಂಡಿ ಮಾತ್ರ ಬೇಡ ಎಂದರೆ ಹೇಗೆ?

ಕೇರಿಮನೆ:
ಬಾವುಟ ಪ್ರವಾಸಿಗರಿಗೆ, ವಾಸನೆ ನಮಗೆ. ನಮ್ಮ ಸಂಬಂಧಿಕರ ಊರಿನಲ್ಲಿ ಘಟಕ ಇದೆ. ಆ ರಸ್ತೆಯಲ್ಲಿ ಮೂಗು ಮುಚ್ಚದೆ ಹೋಗಲು ಆಗುವುದಿಲ್ಲ. ಇದಕ್ಕೆ ಯಾರಾದರೂ ಉತ್ತರ ಕೊಡಿ ನೋಡೋಣ.

ಪಾಳಿ ನೌಕರ:
ನಾನು ಕೊಡುತ್ತೇನೆ. ಒಂದು ಕರಾವಳಿ ಪಟ್ಟಣದ ಘಟಕದಲ್ಲಿ ಆರು ವರ್ಷದಿಂದ ಪಾಳಿಯಲ್ಲಿ ಇದ್ದೇನೆ. ಊರ ಹೆಸರು ಬೇಡ, ನೌಕರಿ ಗುತ್ತಿಗೆಯದು.

ಸರಿಯಾಗಿ ನಡೆಯುವ ಘಟಕ ನಾರುವುದಿಲ್ಲ. ಗಾಳಿ ಊದುವ ತೊಟ್ಟಿಯಲ್ಲಿ ನೀರು ಕಾಫಿ ಬಣ್ಣಕ್ಕೆ ಇರುತ್ತದೆ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ನಂಬುವುದಿಲ್ಲ ಎಂದು ಗೊತ್ತು, ಬಂದು ನೋಡಿ. ಅಲ್ಲಿರುವ ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ಗಾಳಿ. ಕರೆಂಟ್ ಹೋಗಿ ಬ್ಲೋವರ್ ನಿಂತರೆ, ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ, ಕೆಲವೇ ಗಂಟೆಗಳಲ್ಲಿ ಕಾಫಿ ಬಣ್ಣ ಕಪ್ಪಾಗುತ್ತದೆ. ಆಗ ನೀವು ಹೇಳಿದ ವಾಸನೆ. ಸತ್ತ ಜೀವಿಗಳನ್ನು ಮತ್ತೆ ಬೆಳೆಸಲು ವಾರಗಳೇ ಬೇಕು. ಆದ್ದರಿಂದ ಘಟಕ ಎಲ್ಲಿ ಎಂದು ಜಗಳ ಮಾಡುವ ಬದಲು ಡೀಸೆಲ್ ಬಿಲ್ಲು ಯಾರು ಕೊಡುತ್ತಾರೆ ಎಂದು ಜಗಳ ಮಾಡಿ.

ದಿನಾ ಬೆಳಿಗ್ಗೆ ಒಂದು ಲೀಟರ್ ಜಾಡಿಯಲ್ಲಿ ತೊಟ್ಟಿಯ ನೀರು ತೆಗೆದು ಅರ್ಧ ಗಂಟೆ ಅಲ್ಲಾಡಿಸದೆ ಇಡುತ್ತೇವೆ. ಕೆಸರು ಚೆನ್ನಾಗಿ ಕೂತು ಮೇಲೆ ತಿಳಿ ಬಂದರೆ ಆ ದಿನ ನೆಮ್ಮದಿ. ಮೀನಿನ ಋತುವಿನಲ್ಲಿ ಕೂರುವುದೇ ಇಲ್ಲ. ಮೀನು ಕತ್ತರಿಸುವ ಶೆಡ್ಡಿನಿಂದ ರಕ್ತದ ನೀರು, ಮಂಜುಗಡ್ಡೆ ಕರಗಿದ ಉಪ್ಪು ನೀರು ಒಟ್ಟಿಗೆ ಬರುತ್ತದೆ. ಜಾಲರಿಯಲ್ಲಿ ಸಿಗುವುದು ಬಟ್ಟೆ, ಪ್ಯಾಡು, ತೆಂಗಿನ ನಾರು, ಶಾಂಪೂ ಚೀಟಿ. ಒಮ್ಮೆ ಒಂದು ಜೊತೆ ಹಲ್ಲಿನ ಸೆಟ್ ಬಂದಿತ್ತು. ಯಾರೂ ಕೇಳಿಕೊಂಡು ಬರಲಿಲ್ಲ.

ಮಳೆಗಾಲದ್ದು ಬೇರೆಯೇ ಕಥೆ. ಅಂಗಳದಲ್ಲಿ ನೀರು ನಿಂತರೆ ಜನ ಚೇಂಬರಿನ ಮುಚ್ಚಳ ಎತ್ತಿ ಒಳಚರಂಡಿಗೆ ಬಿಡುತ್ತಾರೆ. ಮಳೆನೀರು, ಮರಳು, ಎಲೆ ಎಲ್ಲ ನಮ್ಮ ಕಡೆಗೆ. ಪಂಪ್ ತಾಳುವುದಿಲ್ಲ. ತಗ್ಗಿನ ಕೇರಿಯ ಮ್ಯಾನ್‌ಹೋಲ್ ಉಕ್ಕುತ್ತದೆ. ಆಗ ಬೈಗುಳ ನಮಗೆ.

ಅಳಿವೆದಂಡೆ:
ಪಾಳಿ ನೌಕರ ಅವರಿಗೆ ನಮಸ್ಕಾರ. ಇಂಥ ವಿವರ ಸಭೆಯಲ್ಲಿ ಯಾರೂ ಹೇಳಲಿಲ್ಲ. ತಗ್ಗಿನ ಕೇರಿಯೇ ಏಕೆ ಉಕ್ಕುತ್ತದೆ?

ಹಳೇ ಇಂಜಿನಿಯರ್:
ಕೊಳಚೆ ತಾನಾಗಿ ಹರಿಯಬೇಕಾದರೆ ಪೈಪಿಗೆ ಇಳಿಜಾರು ಬೇಕು. ಸಣ್ಣ ಪೈಪಿಗೆ ನೂರು, ನೂರೈವತ್ತು ಮೀಟರ್ ದೂರಕ್ಕೆ ಒಂದು ಮೀಟರ್ ಇಳಿಸಬೇಕು. ಸೆಕೆಂಡಿಗೆ 0.6 ಮೀಟರ್ ವೇಗ ಇಲ್ಲದಿದ್ದರೆ ಗಟ್ಟಿ ಕೆಳಗೆ ಕೂರುತ್ತದೆ. ಮಲೆನಾಡಿನಲ್ಲಿ ನೆಲವೇ ಇಳಿಯುತ್ತದೆ. ಕಡಲತಡಿಯಲ್ಲಿ ನೆಲ ಸಪಾಟು, ಆದ್ದರಿಂದ ಪೈಪನ್ನೇ ಆಳಕ್ಕೆ ಒಯ್ಯಬೇಕು. ಆರು ನೂರು ಮೀಟರ್ ಹೋಗುವಷ್ಟರಲ್ಲಿ ನಾಲ್ಕೈದು ಮೀಟರ್ ಕೆಳಗೆ ಇರುತ್ತೀರಿ. ಒಂದು ಮೀಟರ್ ಅಗೆದರೆ ನೀರು ಬರುವ ಮರಳಿನಲ್ಲಿ! ಅಲ್ಲಿ ವೆಟ್‌ವೆಲ್ ಎಂಬ ಕೊಳಚೆ ಕೂಡುವ ಬಾವಿ ಕಟ್ಟಿ, ಪಂಪಿನಿಂದ ಮೇಲೆತ್ತಿ, ಮತ್ತೆ ಇಳಿಸಬೇಕು. ಹೀಗೆ ಒಂದಲ್ಲ, ಊರಿಗೆ ನಾಲ್ಕೈದು. ಒಂದು ಪಂಪ್ ಕೆಟ್ಟರೆ ಅದರ ಹಿಂದಿನ ಕೇರಿ ಮುಳುಗಿತು.

ಪೈಪಿನ ಜೋಡಣೆ ಸಡಿಲವಾಗಿದ್ದರೆ ಉಬ್ಬರದ ಉಪ್ಪು ನೀರು ಒಳಗೆ ಬರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇದೆ. ಗಾಳಿಯಿಲ್ಲದ ಕೊಳವೆಯಲ್ಲಿ ಬ್ಯಾಕ್ಟೀರಿಯಾ ಅದನ್ನು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ, ಕೊಳೆತ ಮೊಟ್ಟೆಯ ವಾಸನೆ. ಆ ಅನಿಲ ಮೇಲಿನ ಒದ್ದೆ ಕಾಂಕ್ರೀಟಿಗೆ ತಗುಲಿ ಗಂಧಕಾಮ್ಲವಾಗುತ್ತದೆ, ಮ್ಯಾನ್‌ಹೋಲಿನ ಗೋಡೆ ಬೆಲ್ಲದಂತೆ ಉದುರುತ್ತದೆ. ಒಳಗೆ ಇಳಿದವನನ್ನು ಕೊಲ್ಲುವುದೂ ಅದೇ ಅನಿಲ.

ಚೇಂಬರ್:
ಇಳಿದವನು ಎಂದಿರಿ. ರಕ್ಷಣಾ ಸಾಧನವಿಲ್ಲದೆ ಇಳಿಸುವುದೇ ಅಪರಾಧ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಬಂದು ಹತ್ತು ವರ್ಷದ ಮೇಲಾಯಿತು. 2023ರಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದಿತು, ಹಿಂದೆ 10 ಲಕ್ಷ ಇತ್ತು. ನಿಮ್ಮ ಯೋಜನೆಯ ಅಂದಾಜು ಪಟ್ಟಿಯಲ್ಲಿ ನೀರು ಚಿಮ್ಮಿಸಿ ಪೈಪ್ ತೊಳೆಯುವ ಜೆಟ್ಟಿಂಗ್ ಯಂತ್ರ, ಹೀರುವ ವಾಹನ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಯಾರೋ ಒಬ್ಬನನ್ನು ಕರೆದು, ಒಂದು ಕ್ವಾರ್ಟರ್ ಕುಡಿಸಿ ಇಳಿಸುತ್ತಾರೆ. ನಮ್ಮ ಚಿಕ್ಕಪ್ಪ ಹಾಗೆ ಇಳಿಯುತ್ತಿದ್ದರು. ಗುಂಡಿ, ಮ್ಯಾನ್‌ಹೋಲ್ ಎರಡಕ್ಕೂ. ಈ ಚರ್ಚೆಯಲ್ಲಿ ಇಷ್ಟು ಹೊತ್ತು ಬಾಳೆಗೆ ಸಿಕ್ಕ ಜಾಗ ಅವರಿಗೆ ಸಿಕ್ಕಿರಲಿಲ್ಲ, ಆದ್ದರಿಂದ ಬರೆದೆ.

ಬಾಳೆಗೊನೆ:
ಚೇಂಬರ್ ಅವರೇ, ಸರಿಯಾಗಿ ಹೇಳಿದಿರಿ. ಕ್ಷಮಿಸಿ.

ಬಯಲುಸೀಮೆ:
ಪೈಪೇ ಬೇಡ ಎನ್ನುವವರಿಗೆ ಇನ್ನೊಂದು ದಾರಿ ಇದೆ. ದೇವನಹಳ್ಳಿಯಲ್ಲಿ 2015ರಲ್ಲಿ ಮಲಕೆಸರು ಸಂಸ್ಕರಣ ಘಟಕ ಶುರುವಾಯಿತು, ದಿನಕ್ಕೆ 6 ಸಾವಿರ ಲೀಟರ್ ಸಾಮರ್ಥ್ಯ. ಮನೆಗಳ ಗುಂಡಿಯಿಂದ ಹೀರುವ ಲಾರಿ ಕೆಸರು ತಂದು ಸುರಿಯುತ್ತದೆ. ಅದು ತೊಟ್ಟಿಗಳಲ್ಲಿ ಕೊಳೆತು, ಮರಳಿನ ಹಾಸಿನಲ್ಲಿ ಒಣಗಿ, ಗೊಬ್ಬರವಾಗುತ್ತದೆ. ನೀರು ಗಿಡ ನೆಟ್ಟ ಜಲ್ಲಿಯ ಮೂಲಕ ಸೋಸಿಹೋಗುತ್ತದೆ. ದೊಡ್ಡ ಬ್ಲೋವರ್ ಇಲ್ಲ, ಊರೆಲ್ಲ ಅಗೆಯುವುದಿಲ್ಲ. ನಿಮಗೆ ಇದೇ ಸಾಕು.

ಅಳಿವೆದಂಡೆ:
ಇದು ನನಗೆ ಹಿಡಿಸಿತು.

ಹೊಳೆಸಾಲು:
ಹಿಡಿಸುವ ಮೊದಲು ಯೋಚಿಸಿ. ದೇವನಹಳ್ಳಿಯ ಮಳೆ ಎಷ್ಟು, ನಮ್ಮ ಮಳೆ ಎಷ್ಟು? ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬನಿಯನ್ ಒಣಗುವುದಿಲ್ಲ, ಕೆಸರು ಒಣಗುತ್ತದೆಯೇ?

ಬಯಲುಸೀಮೆ:
ಮಾಡು ಹಾಕಬೇಕು.

ಹೊಳೆಸಾಲು:
ಮಾಡು ಹಾಕಿದರೂ ಗಾಳಿಯಲ್ಲಿ ತೇವ ಇರುತ್ತದಲ್ಲ. ಹಪ್ಪಳವೇ ಒಣಗದ ಊರು ಇದು.

ಹಳೇ ಇಂಜಿನಿಯರ್:
ಇಬ್ಬರೂ ಅರ್ಧರ್ಧ ಸರಿ. ಮಾಡು ಹಾಕಿ, ಹಾಸುಗಳನ್ನು ಹೆಚ್ಚು ಮಾಡಿದರೆ ನಡೆಯುತ್ತದೆ. ಆದರೆ ಕೆಸರು ತೆಗೆಯುವುದರಿಂದ ಬಾವಿಯ ಸಮಸ್ಯೆ ಹೋಗುವುದಿಲ್ಲ. ತಳವಿಲ್ಲದ ಗುಂಡಿಯಲ್ಲಿ ದ್ರವ ಈಗಾಗಲೇ ಬಾವಿಯ ಕಡೆ ಹೋಗಿರುತ್ತದೆ, ಲಾರಿ ಹೀರುವುದು ಉಳಿದ ಗಷ್ಟನ್ನು. ಗುಂಡಿಗೆ ತಳ ಕಟ್ಟಿ ತಿಳಿಯನ್ನು ಬೇರೆ ಕಡೆ ಒಯ್ಯಬೇಕು. ನನ್ನ ಅಭಿಪ್ರಾಯ ಕೇಳಿದರೆ, ಮನೆಗಳು ಒತ್ತಾಗಿರುವ ಪೇಟೆ, ಮಾರುಕಟ್ಟೆ, ವಸತಿಗೃಹಗಳಿಗೆ ಪೈಪ್ ಮತ್ತು ಸಣ್ಣ ಘಟಕ. ಹಿತ್ತಿಲು ದೊಡ್ಡದಿರುವ ಮನೆಗಳಿಗೆ ತಳವಿರುವ ಟ್ಯಾಂಕ್, ನಿಗದಿತ ಕಾಲಕ್ಕೆ ಲಾರಿ. 2021ರಲ್ಲಿ ಶುರುವಾದ ಸ್ವಚ್ಛ ಭಾರತ ಎರಡನೇ ಹಂತದಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳ ಬಳಸಿದ ನೀರಿನ ನಿರ್ವಹಣೆಗೂ ಅನುದಾನ ಇದೆ. ಎಲ್ಲವನ್ನೂ ಒಂದೇ ಅಳತೆಯ ಅಂಗಿಯಲ್ಲಿ ತುರುಕಬೇಕಿಲ್ಲ.

ಉಸುಕು:
ಹೊರಬಿಡುವ ನೀರಿನ ಬಿಒಡಿ, ಅಂದರೆ ಅದರಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, ಲೀಟರಿಗೆ 10 ಮಿಲಿಗ್ರಾಂ ಇರಬೇಕು ಎಂದು ಓದಿದ್ದೆ. ಸಣ್ಣ ಘಟಕದಿಂದ ಅದು ಸಾಧ್ಯವೇ?

ಪಾಳಿ ನೌಕರ:
ಕೇಂದ್ರ ಪರಿಸರ ಸಚಿವಾಲಯದ 2017ರ ಅಧಿಸೂಚನೆಯಲ್ಲಿ ಮಹಾನಗರಗಳಿಗೆ 20, ಉಳಿದ ಕಡೆಗೆ 30 ಇತ್ತು. 2019ರಲ್ಲಿ ಹಸಿರು ನ್ಯಾಯಮಂಡಳಿ ಇನ್ನೂ ಬಿಗಿ ಮಾಡಲು ಹೇಳಿತು, ನೀವು ಓದಿದ 10 ಅಲ್ಲಿಯದು. ಸಾಧ್ಯ ಇದೆ. ಬ್ಲೋವರ್ ನಿಲ್ಲಬಾರದು ಅಷ್ಟೇ. ಮತ್ತೆ ಡೀಸೆಲ್‌ಗೆ ಬಂದೆ ನೋಡಿ.

ದೂರದವ:
ನಾನು ಕ್ಯಾಲಿಫೋರ್ನಿಯಾದಲ್ಲಿ ಇದ್ದೇನೆ, ಊರು ಹೊನ್ನಾವರ. ಇಲ್ಲಿಂದ ಮೂರು ಗಂಟೆ ದಾರಿಯಲ್ಲಿ ಲಾಸ್ ಓಸೋಸ್ ಎಂಬ ಕಡಲತಡಿಯ ಊರಿದೆ, ಸುಮಾರು 14 ಸಾವಿರ ಜನ. ನಿಮ್ಮ ಹಾಗೆಯೇ ಮರಳ ನೆಲ, ಮನೆಮನೆಗೆ ಸೆಪ್ಟಿಕ್ ಟ್ಯಾಂಕ್, ಕುಡಿಯಲು ಕೆಳಗಿನ ಅಂತರ್ಜಲ, ಪಕ್ಕದಲ್ಲಿ ಮೊರೊ ಬೇ ಎಂಬ ಹಿನ್ನೀರು. ಅಂತರ್ಜಲದಲ್ಲಿ ನೈಟ್ರೇಟ್ ಏರಿತು. 1983ರಲ್ಲಿ ಅಲ್ಲಿನ ಜಲಮಂಡಳಿ ಸೆಪ್ಟಿಕ್ ಟ್ಯಾಂಕಿನಿಂದ ನೆಲಕ್ಕೆ ಬಿಡುವುದನ್ನು ನಿಷೇಧಿಸಿತು. 1988ರಿಂದ ಹೊಸ ಮನೆ ಕಟ್ಟುವುದೇ ನಿಂತಿತು. ಜನ ಏನು ಮಾಡಿದರು ಗೊತ್ತೇ? ಘಟಕ ಎಲ್ಲಿ ಎಂದು ಜಗಳಕ್ಕೆ ನಿಂತರು. ಊರ ನಡುವೆ ಜಾಗ ಗೊತ್ತಾಗಿ 2005ರಲ್ಲಿ ಕೆಲಸ ಶುರುವಾದ ಮೇಲೆ, ಅದೇ ವರ್ಷ ಮತ ಹಾಕಿ ಆಡಳಿತದವರನ್ನೇ ಇಳಿಸಿದರು, ಕೆಲಸ ನಿಲ್ಲಿಸಿದರು. ಮರುವರ್ಷ ಆ ಸ್ಥಳೀಯ ಸಂಸ್ಥೆ ದಿವಾಳಿಯಾಯಿತು. ಕೊನೆಗೆ ಜಿಲ್ಲಾಡಳಿತ ವಹಿಸಿಕೊಂಡು, ಊರಾಚೆ ಕಟ್ಟಿ, 2016ರಲ್ಲಿ ಘಟಕ ನಡೆಯತೊಡಗಿತು. ನಿಷೇಧದಿಂದ ಲೆಕ್ಕ ಹಾಕಿದರೆ 33 ವರ್ಷ. ಶುದ್ಧವಾದ ನೀರನ್ನು ಹಿನ್ನೀರಿಗೆ ಬಿಡದೆ ನೆಲಕ್ಕೇ ಇಂಗಿಸುತ್ತಾರೆ, ಕೃಷಿಗೂ ಕೊಡುತ್ತಾರೆ. ಉಪ್ಪು ನೀರು ಒಳನುಗ್ಗದಂತೆ ಅದು ತಡೆಯಾಗುತ್ತದೆ.

ಅದೇ ರಾಜ್ಯದ ಆರ್ಕೇಟಾ ಎಂಬ ಸಣ್ಣ ಊರು 1986ರಿಂದ ಕೊಳಚೆಯ ಕೊನೆಯ ಹಂತದ ಶುದ್ಧೀಕರಣವನ್ನು ಜೌಗಿನ ಹುಲ್ಲಿನಿಂದಲೇ ಮಾಡಿಸುತ್ತಿದೆ. ಹಕ್ಕಿ ನೋಡಲು ಜನ ಅಲ್ಲಿಗೆ ಹೋಗುತ್ತಾರೆ. ಕೊಳಚೆ ಘಟಕಕ್ಕೆ, ಪ್ರವಾಸ!

ಕೇರಿಮನೆ:
ಅಮೆರಿಕದವರು 33 ವರ್ಷ ಜಗಳವಾಡಬಹುದು, ನಾವು ಒಂದು ಸಭೆ ಜಗಳವಾಡಬಾರದೇ?

ದೂರದವ:
ಆಡಿ. ಆದರೆ ಅಲ್ಲಿ ಜಗಳ ಮುಗಿಯುವ ಹೊತ್ತಿಗೆ ಖರ್ಚು ಏರಿತ್ತು, ಅದನ್ನು ಕಟ್ಟುತ್ತಿರುವವರು ಜಗಳವಾಡಿದವರೇ.

ಹೊಳೆಸಾಲು:
ಆರ್ಕೇಟಾದ ಮಾತು ಚೆನ್ನಾಗಿದೆ, ಆದರೆ ಗಜನಿಯನ್ನು ಜೌಗು ಎಂದು ತಿಳಿದು ಯಾರೂ ಕೊಳಚೆ ಬಿಡಬೇಡಿ. ಅಲ್ಲಿ ಇನ್ನೂ ಕೆಲವರು ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಉಬ್ಬರ ತಲುಪುವ ನೆಲಕ್ಕೆ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆಯೂ ಬೇಕು. ನಾವು ಘಟಕವನ್ನು ವಿರೋಧಿಸುತ್ತಿಲ್ಲ, ಆ ಜಾಗವನ್ನು ವಿರೋಧಿಸುತ್ತೇವೆ. ನೆರೆ ಬಂದಾಗ ಅಲ್ಲಿ ಎದೆಮಟ್ಟ ನೀರು. ಜನರೇಟರ್ ಮುಳುಗಿದರೆ ಪಾಳಿ ನೌಕರರ ಡೀಸೆಲ್ ಇದ್ದೂ ಏನು ಪ್ರಯೋಜನ?

ಪಾಳಿ ನೌಕರ:
ಇದು ಸರಿಯಾದ ಪ್ರಶ್ನೆ. ಸಭೆಯಲ್ಲಿ ಇದನ್ನೇ ಬರೆದು ಕೊಡಿ.

ಚೇಂಬರ್:
ಕರಾವಳಿಗೆ ಇದು ಹೊಸ ಕಥೆಯೂ ಅಲ್ಲ. 1999ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದಿಂದ ಕರಾವಳಿ ಪರಿಸರ ನಿರ್ವಹಣಾ ಯೋಜನೆ ಬಂದಿತ್ತು. ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಅಂಕೋಲಾ, ಕಾರವಾರ ಎಲ್ಲ ಪಟ್ಟಿಯಲ್ಲಿದ್ದವು. ಕಟ್ಟಲು ಸಾಲ ಸಿಗುತ್ತದೆ. ನಡೆಸಲು ಯಾರೂ ಸಾಲ ಕೊಡುವುದಿಲ್ಲ.

ತೆಂಗಿನಬುಡ:
ಅಳಿವೆದಂಡೆಯವರೇ, ಇಷ್ಟು ಮಾತಾಯಿತು. ನಿಮ್ಮ ಬಾವಿಯ ನೀರು ಪರೀಕ್ಷೆ ಮಾಡಿಸಿದ್ದೀರಾ? ಎಚ್‌ಟುಎಸ್ ಬಾಟಲಿ ಸಿಗುತ್ತದೆ. ನೀರು ತುಂಬಿ ಒಂದೆರಡು ದಿನ ಬೆಚ್ಚಗೆ ಇಡಿ. ಕಪ್ಪಾದರೆ ಮಲದ ಸೋಂಕು ಇರಬಹುದು ಎಂದು ಲೆಕ್ಕ. ಮತ್ತೆ ಒಂದು ಟೇಪ್ ತೆಗೆದುಕೊಂಡು ದೂರ ಅಳೆಯಿರಿ.

ಅಳಿವೆದಂಡೆ:
ಹನ್ನೆರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ನಮ್ಮ ಬೀದಿಯ ಹನ್ನೊಂದು ಮನೆಗಳಲ್ಲಿ ಅಳೆದೆವು. 18 ಮೀಟರ್ ಇದ್ದದ್ದು ಎರಡು ಮನೆಗೆ. ನಮ್ಮ ಗುಂಡಿ ನಮ್ಮ ಬಾವಿಯಿಂದ ಹದಿನಾಲ್ಕು ಮೀಟರ್, ತಂದೆಯವರು "ನೋಡು, ಪರವಾಗಿಲ್ಲ" ಎಂದರು. ಆಮೇಲೆ ನೆನಪಾಯಿತು, ಆವಾರದ ಗೋಡೆಯ ಆಚೆ ಪಕ್ಕದ ಮನೆಯ ಗುಂಡಿ ಇದೆಯಲ್ಲ. ಅದು ನಮ್ಮ ಬಾವಿಗೆ ಆರು ಮೀಟರ್. ಟೇಪ್ ಹಳೆಯದು, ಜಗ್ಗಿರಬೇಕು ಎಂದು ತಂದೆಯವರು ಎರಡನೇ ಸಲ ತಾವೇ ಹಿಡಿದು ಅಳೆದರು. ಆರೇ ಬಂತು.

ಬಾಟಲಿ ಮರುದಿನ ಸಂಜೆಗೆ ಕಪ್ಪಾಯಿತು. ಮನೆಯಲ್ಲಿ ಈಗ ನೀರು ಕುದಿಸುತ್ತಿದ್ದಾರೆ. ತಂದೆಯವರು ಯೋಜನೆ ಬೇಕು ಎಂದು ಈಗಲೂ ಹೇಳಿಲ್ಲ, ಆದರೆ ಮುಂದಿನ ಸಭೆಗೆ ಬಾಟಲಿಯನ್ನು ತೆಗೆದುಕೊಂಡು ಹೋಗುತ್ತಾರಂತೆ. ಜಾಗ, ಜೆಟ್ಟಿಂಗ್ ಯಂತ್ರ, ಡೀಸೆಲ್, ಈ ಮೂರನ್ನು ನಾನು ಬರೆದು ಕೊಡುತ್ತೇನೆ.

ಕೇರಿಮನೆ:
ಟೇಪ್ ಎಷ್ಟು ಮೀಟರಿನದು? ಸುಮ್ಮನೆ ಕೇಳಿದೆ.

ಅಳಿವೆದಂಡೆ:
ಮೂವತ್ತು. ಭಾನುವಾರ ಬನ್ನಿ, ತಂದೆಯವರೇ ಒಂದು ತುದಿ ಹಿಡಿಯುತ್ತಾರೆ.